ಬೆರಳಿನ ಬಿಗಿ

— ದೊಡ್ಡಪ್ಪ, ಇದು ಕೈಗೇ ಬಂದ್ಬಿಡ್ತು.

— ಏನದು, ಇತ್ತ ತಾ. ಓಹೋ, ರೇಡಿಯೇಟರ್ ಡ್ರೈನ್ ಪ್ಲಗ್ಗಿನ ಕಿವಿ. ಬರೀ ಕಿವಿ ತಂದಿದ್ದೀಯ, ಮಿಕ್ಕಿದ್ದೆಲ್ಲಿ?

— ಒಳಗೇ ಉಳ್ಕೊಂಡಿದೆ. ಕೂಲೆಂಟ್ ತುಕ್ಕಿನ ಬಣ್ಣಕ್ಕೆ ತಿರುಗಿತ್ತು, ಭಾನುವಾರ ಅಲ್ವಾ, ನಾನೇ ಬದಲಾಯಿಸೋಣ ಅಂತ ಕೂತೆ. ಕೈಯಲ್ಲಿ ತಿರುಗಿಸಿದೆ, ಅಲ್ಲಾಡಲಿಲ್ಲ. ಆಮೇಲೆ...

— ಆಮೇಲೆ ಕಟಿಂಗ್ ಪ್ಲೇಯರ್ ಹಾಕಿದೆ.

— ನಿಮಗೆ ಹೇಗೆ ಗೊತ್ತಾಯ್ತು?

— ಕಿವಿ ತುಂಬ ಹಲ್ಲಿನ ಗುರುತು ಇದೆಯಲ್ಲೇ, ನಾಯಿ ಕಚ್ಚಿದ ಹಾಗೆ. ಯಾವ ಕಡೆ ತಿರುಗಿಸಿದೆ?

— ಎಡಕ್ಕೆ. ಬಿಚ್ಚೋದು ಎಡಕ್ಕೇ ತಾನೆ?

— ಹೌದು. ಆದರೆ ನೀನು ಎಲ್ಲಿದ್ದೆ? ಕಾರಿನ ಕೆಳಗೆ ಮಲಗಿದ್ಯೋ, ಬಾನೆಟ್ ಎತ್ತಿ ಮೇಲಿಂದ ಕೈ ಇಳಿಬಿಟ್ಟಿದ್ಯೋ?

— ಮೇಲಿಂದ. ಚೂಡಿದಾರ್ ಹೊಸದು, ಮಲಗೋಕೆ ಮನಸ್ಸು ಬರಲಿಲ್ಲ.

— ಹಾಗಾದ್ರೆ ಕೇಳು. ಈ ಪ್ಲಗ್ಗಿನ ಮುಖ ಇರೋದು ನೆಲದ ಕಡೆಗೆ. ನೀನು ಅದರ ಬೆನ್ನು ನೋಡ್ತಾ ಎಡಕ್ಕೆ ತಿರುಗಿಸಿದರೆ ಅದರ ಪಾಲಿಗೆ ಅದು ಬಲ. ಗಡಿಯಾರದ ಹಿಂದೆ ನಿಂತು ಮುಳ್ಳು ನೋಡಿದ ಹಾಗೆ. ನೀನು ಬಿಚ್ಚಲಿಲ್ಲ ಕಣಮ್ಮ, ಇನ್ನೂ ಬಿಗಿ ಮಾಡಿದೆ. ಮುಖ ಸಪ್ಪಗೆ ಮಾಡ್ಕೋಬೇಡ. ನಲವತ್ತು ವರ್ಷ ಸ್ಟೇರಿಂಗ್ ಹಿಡಿದ ನಾನೂ ಇದೇ ತಪ್ಪು ಮಾಡಿದ್ದೀನಿ. ಇಂಜಿನ್ ಬಿಸಿ ಇತ್ತಾ ಆಗ?

— ಇಲ್ಲ, ರಾತ್ರಿಯಿಂದ ನಿಂತಿತ್ತು.

— ಅದೊಂದು ಬುದ್ಧಿ ಮಾಡಿದ್ದೀಯ. ಬಿಸಿ ಇದ್ದಾಗ ಅಲ್ಲಿ ಕೈ ಹಾಕಿದ್ದಿದ್ದರೆ ನಾವು ಈಗ ಆಸ್ಪತ್ರೆಯಲ್ಲಿ ಕೂತು ಮಾತಾಡ್ತಿದ್ವಿ.

— ಅದು ಗೊತ್ತು ನನಗೆ. ಮುಚ್ಚಳದ ಮೇಲೆ 0.9 ಅಂತ ಬರೆದಿದೆ. ಅಷ್ಟು ಒತ್ತಡದಲ್ಲಿ ನೀರು 115 ಡಿಗ್ರಿ ಮುಟ್ಟಿದರೂ ಕುದಿಯಲ್ಲ.

— ಕುದಿಯೋಕೆ ಬಿಟ್ಟಿರಲ್ಲ, ಅಷ್ಟೇ. ಮುಚ್ಚಳನೋ ಪ್ಲಗ್ಗೋ ತೆಗೆದ ಗಳಿಗೆ ನೀರು ಒಮ್ಮೆಲೇ ಕುದಿದು, ಹಬೆ ಜೊತೆ ಬುಸ್ ಅಂತ ಮುಖಕ್ಕೆ ಬರುತ್ತೆ. ನಂದಿ ಬೆಟ್ಟದ ದಾರೀಲಿ ಎಷ್ಟು ಜನ ಡ್ರೈವರ್‌ಗಳ ಮೊಣಕೈ ಸುಟ್ಟಿದ್ದು ನೋಡಿದ್ದೀನಿ. ಅಂಬಾಸಡರ್‌ನಲ್ಲಿ ಆರು ಜನ ಕೂರಿಸ್ಕೊಂಡು ಎರಡನೇ ಗೇರಲ್ಲಿ ಹತ್ತೋದು, ಅರ್ಧ ದಾರೀಲಿ ಬಾನೆಟ್ ಸಂದಿಂದ ಹಬೆ. ಡಿಕ್ಕೀಲಿ ನೀರಿನ ಕ್ಯಾನ್ ಇಲ್ಲದೆ ಯಾರೂ ಆ ಬೆಟ್ಟ ಹತ್ತುತಿರಲಿಲ್ಲ.

— ಎತ್ತರದಲ್ಲಿ ಬೇಗ ಕುದಿಯುತ್ತೆ ದೊಡ್ಡಪ್ಪ. ನಂದಿ 1478 ಮೀಟರ್. ಅಲ್ಲಿ ತೆರೆದ ಪಾತ್ರೆಯ ನೀರು 95 ಡಿಗ್ರಿಗೇ ಕುದಿಯುತ್ತೆ.

— ನಮಗೆ ಡಿಗ್ರಿ ಗೊತ್ತಿರಲಿಲ್ಲ, ಬೆಟ್ಟದ ಮೇಲೆ ಬೇಳೆ ಬೇಯಲ್ಲ ಅಂತ ಹೋಟೆಲಿನವನು ಬಯ್ಯೋದು ಕೇಳಿದ್ದೆ. ಇರಲಿ. ಈಗ ತೊಟ್ಟಿಕ್ತಾ ಇದೆಯಾ?

— ನಿಮಿಷಕ್ಕೆ ಮೂರ್ನಾಲ್ಕು ಹನಿ. ನಾನು ಒಂದು ಯೋಚನೆ ಮಾಡಿದ್ದೀನಿ. ಹೊಸ ರೇಡಿಯೇಟರ್ರೇ ಹಾಕಿಸಿಬಿಡೋಣ. ಇಪ್ಪತ್ತೇಳು ವರ್ಷ ದಾಟಿದ ಮಾರುತಿ 800 ಇದು. ಒಂದು ಪ್ಲಗ್ಗಿಗೆ ಅರ್ಧ ದಿನ ಕಳೆಯೋ ಬದಲು...

— ಗುಂಡಿ ಕಿತ್ತುಹೋದ್ರೆ ಅಂಗಿ ಎಸೀತೀಯಾ?

— ಅಂಗಿ ಗುಂಡಿಯಿಂದ ಇಂಜಿನ್ ಸೀಜ್ ಆಗಲ್ಲ ದೊಡ್ಡಪ್ಪ.

— ಅದೂ ಸರಿ. ಹಾಗಾದ್ರೆ ನೋಡಿಯೇ ಹೇಳ್ತೀನಿ. ಟಾರ್ಚ್ ಹಿಡಿ. ಹೂಂ. ಫಿನ್ ಉಗುರಲ್ಲಿ ಸವರಿದರೆ ಉದುರ್ತಾ ಇಲ್ಲ, ಗಟ್ಟಿ ಇವೆ. ಉಪ್ಪುಗಟ್ಟಿ ಪುಡಿಪುಡಿಯಾಗಿ ಉದುರೋ ಹಾಗಿದ್ದಿದ್ದರೆ ನಾನೇ ಹೊಸದು ತಾ ಅಂತಿದ್ದೆ. ಟ್ಯಾಂಕು, ಕೋರು ಸೇರೋ ಅಂಚಲ್ಲಿ ಹಸಿರು ಕಲೆ ಇಲ್ಲ. ಪ್ಲಗ್ ಕೂರೋ ಗೂಡಿನ ಸುತ್ತ ಬಿರುಕು ಇದ್ರೆ ಮಾತ್ರ ಕತೆ ಮುಗೀತು. ಇಲ್ಲ, ಬಿರುಕಿಲ್ಲ. ಟ್ಯಾಂಕ್ ಪ್ಲಾಸ್ಟಿಕ್ಕು, ಯಾವಾಗಲೋ ಬದಲಾಯಿಸಿದ ರೇಡಿಯೇಟರ್ ಇದು. ರಿಪೇರಿ ಮಾಡಬಹುದು.

— ಯಾಕೆ ಈ ಪ್ಲಗ್ ಪ್ಲಾಸ್ಟಿಕ್ಕಲ್ಲಿ ಮಾಡ್ತಾರೆ? ಎಂಟಾಣೆ ಉಳಿಸೋಕಾ?

— ಅದೂ ಇರಬಹುದು. ಆದ್ರೆ ಇನ್ನೊಂದಿದೆ. ಟ್ಯಾಂಕೇ ಪ್ಲಾಸ್ಟಿಕ್ ಆದಾಗ ಅದಕ್ಕೆ ಕಬ್ಬಿಣದ ಬೋಲ್ಟ್ ಕೊಟ್ಟರೆ, ನಿನ್ನಂಥವಳು ಪ್ಲೇಯರ್ ಹಾಕಿದ ದಿನ ಏನು ಮುರಿಯುತ್ತೆ? ಟ್ಯಾಂಕು. ಈಗ ಏನು ಮುರೀತು? ಪ್ಲಗ್ಗಿನ ಕಿವಿ. ಮನೆ ಫ್ಯೂಸ್ ಹೋದ ಹಾಗೆ. ಕಿವಿ ಅಷ್ಟು ಸಣ್ಣಗೆ ಇಟ್ಟಿರೋದೇ ಎರಡು ಬೆರಳಿಗಿಂತ ಜಾಸ್ತಿ ಅಲ್ಲಿ ಹಿಡಿಸಬಾರದು ಅಂತ. ನೀರು ನಿಲ್ಲಿಸೋದು ಓ-ರಿಂಗ್ ಕಣೇ, ನಮ್ಮ ರಟ್ಟೆ ಅಲ್ಲ. ಹನಿ ಬಿತ್ತು ಅಂದ್ರೆ ನಾವು ರಿಂಗ್ ಬದಲಾಯಿಸಲ್ಲ, ಇನ್ನೊಂದು ಕಾಲು ಸುತ್ತು ಬಿಗಿ ಮಾಡ್ತೀವಿ. ಮುಂದಿನ ವರ್ಷ ಇನ್ನೊಂದು ಕಾಲು ಸುತ್ತು. ಅಡುಗೆಮನೆ ನಲ್ಲಿಗೂ ಇದನ್ನೇ ಮಾಡೋದು.

— ಅಂಬಾಸಡರ್‌ಗೆ ಇಂಥದ್ದೇ ಇತ್ತಾ?

— ಅಯ್ಯೋ, ಅದರ ದರ್ಬಾರೇ ಬೇರೆ. ಇಡೀ ರೇಡಿಯೇಟರ್ ಹಿತ್ತಾಳೆ, ತಾಮ್ರ. ತಳದಲ್ಲಿ ಮುದ್ದಾದ ಪುಟ್ಟ ಹಿತ್ತಾಳೆ ನಲ್ಲಿ. ತಿರುಗಿಸಿದರೆ ನೀರು ಬರ್ತಿತ್ತು, ಕಾಫಿ ಡಿಕಾಕ್ಷನ್ ಬಂದ ಹಾಗೆ ಅದೇ ಬಣ್ಣದಲ್ಲಿ. ಎಷ್ಟೋ ಸಲ ನಲ್ಲಿ ತಿರುಗಿಸಿದರೂ ಏನೂ ಬರ್ತಿರಲಿಲ್ಲ. ಸುಣ್ಣ, ತುಕ್ಕು ಸೇರಿ ಬಾಯಿ ಕಟ್ಕೊಂಡಿರೋದು. ತಂತಿ ತೂರಿಸಿ ಕೆದಕಬೇಕು. ನಲ್ಲಿ ಬುಡ ಅಲ್ಲಾಡಿದರೆ ನೇರ ರೇಡಿಯೇಟರ್ ಸಾಬರ ಹತ್ರ ಹೋಗೋದು. ಆ ಕೆಲಸ ನೋಡೋಕೆ ಚೆಂದ ಇತ್ತು.

— ಹೇಗೆ ಮಾಡೋರು?

— ಆಸಿಡ್‌ನಲ್ಲಿ ಸತುವಿನ ಚೂರು ಹಾಕೋರು. ಬುರಬುರ ನೊರೆ ಬಂದು, ಬರೋದು ನಿಂತ ಮೇಲೆ ಆಸಿಡ್ 'ಸತ್ತಿದೆ' ಅನ್ನೋರು. ಆ ಸತ್ತ ಆಸಿಡ್ಡನ್ನ ಬ್ರಷ್‌ನಲ್ಲಿ ಸವರಿದರೆ ಹಿತ್ತಾಳೆ ಮದುಮಗಳ ಹಾಗೆ ಹೊಳೆಯೋದು. ಇದ್ದಿಲಲ್ಲಿ ಕಾಯಿಸಿದ ತಾಮ್ರದ ಕಡ್ಡಿಯನ್ನ ನವಸಾಗರದ ಗಟ್ಟಿ ಮೇಲೆ ಉಜ್ಜಿ, ತವರ-ಸೀಸದ ಕಡ್ಡಿ ಮುಟ್ಟಿಸಿದರೆ ಬೆಸುಗೆ ನೀರಿನ ಹಾಗೆ ಹರಿದು ಸಂದಿಗೆ ಇಳಿಯೋದು. ಹೊಗೆ ಮಾತ್ರ ಮೂಗು ಉರಿಸೋದು. ಆಮೇಲೆ ಎರಡೂ ಹೋಸ್ ಬಾಯಿಗೆ ಬಿರಡೆ ಹಾಕಿ, ನೀರಿನ ತೊಟ್ಟೀಲಿ ಮುಳುಗಿಸಿ ಸೈಕಲ್ ಪಂಪಲ್ಲಿ ಗಾಳಿ ಹೊಡೆಯೋದು. ಗುಳ್ಳೆ ಬರದಿದ್ದರೆ ಮಾತ್ರ ದುಡ್ಡು ಇಸ್ಕೊಳ್ಳೋರು. ಪಾತ್ರೆಗೆ ಕಲಾಯಿ ಹಾಕೋರು ಹೋದ ಹಿಂದೆಯೇ ಅವರೂ ಹೋದರು. ಅಲ್ಯುಮಿನಿಯಂ, ಪ್ಲಾಸ್ಟಿಕ್ ಬಂದ ಮೇಲೆ ಬೆಸುಗೆಗೆ ಕೆಲಸ ಎಲ್ಲಿ?

— ಸೀಸದ ಹೊಗೆ ಕುಡಿದವರು ಅವರು. ಹೋಗಿದ್ದಕ್ಕೆ ಪೂರ್ತಿ ಬೇಜಾರು ಪಡೋ ಹಾಗೂ ಇಲ್ಲ.

— ಇಲ್ಲ. ಆದರೂ ನೆನಪಾಗುತ್ತೆ.

— ನಮ್ಮ ಪುಸ್ತಕದಲ್ಲಿ ಒಂದು ವಿಷಯ ಇದೆ ದೊಡ್ಡಪ್ಪ. ಶುರುವಿನ ಕಾರುಗಳಲ್ಲಿ ರೇಡಿಯೇಟರ್ರೇ ಇರಲಿಲ್ಲ. ಬೆಂಜ್‌ನ ಮೊದಲ ಗಾಡೀಲಿ ನೀರು ಸುಮ್ನೆ ಕುದಿದು ಆವಿಯಾಗಿ ಹೋಗೋದು, ದಾರೀಲಿ ತುಂಬಿಸ್ಕೊಂಡೇ ಹೋಗಬೇಕು. 1900ರ ಸುಮಾರಿಗೆ ಮೇಬಾಕ್ ಅನ್ನೋ ಎಂಜಿನಿಯರ್ ಮರ್ಸಿಡಿಸ್‌ಗೆ ಜೇನುಗೂಡಿನ ಥರದ್ದು ಮಾಡಿದ. ಸಾವಿರಾರು ಸಣ್ಣ ಚೌಕ ಕೊಳವೆಗಳನ್ನ ಪಕ್ಕಪಕ್ಕ ಬೆಸೆದದ್ದು.

— ಸಾವಿರಾರು ಬೆಸುಗೆ! ನಮ್ಮ ಸಾಬರು ಕೇಳಿದ್ದರೆ ಅಲ್ಲೇ ಕೂತ್ಕೊಂಡುಬಿಡ್ತಿದ್ದರು. ಸರಿ, ಪುರಾಣ ಸಾಕು. ಬ್ಯಾಟರಿ ನೆಗೆಟಿವ್ ವೈರ್ ತೆಗಿ ಮೊದಲು, ಫ್ಯಾನ್ ಪಕ್ಕದಲ್ಲೇ ಕೈ ಇರುತ್ತೆ. ಕೆಳಗೆ ಆ ಅಗಲ ಬೇಸಿನ್ ಇಡು. ಪ್ಲಗ್ ಇಲ್ಲದಿದ್ದರೆ ನೀರು ಇಳಿಸೋ ದಾರಿ ಕೆಳಗಿನ ಹೋಸ್. ಕ್ಲಿಪ್ ಸಡಿಲಿಸಿ ಹೋಸನ್ನ ಮೊದಲು ಸುತ್ತಿಸು, ಆಮೇಲೆ ಎಳಿ. ನೇರ ಎಳೆದರೆ ಟ್ಯಾಂಕಿನ ಮೂತಿಯೇ ಮುರಿದು ಬರುತ್ತೆ, ಅದೂ ಪ್ಲಾಸ್ಟಿಕ್ಕೇ.

— ಬಂತು, ಬಂತು. ಅಬ್ಬಾ, ಎಷ್ಟು ಕೊಳೆ! ಈ ನೀರು ಮೋರಿಗೆ ಚೆಲ್ಲಲಾ?

— ಬೇಡ್ವೇ ಬೇಡ. ಬೀದಿ ನಾಯಿ ನೆಕ್ಕುತ್ತೆ.

— ಹೌದಲ್ಲ, ಎಥಿಲೀನ್ ಗ್ಲೈಕಾಲ್. ಸಿಹಿ ಇರುತ್ತೆ, ಕಿಡ್ನಿ ಹೋಗುತ್ತೆ.

— ಇದೇ ಬೀದೀಲಿ ಒಂದು ಬೆಕ್ಕು ಹಾಗೇ ಹೋಯ್ತು. ಕ್ಯಾನಿಗೆ ತುಂಬಿ ಮುಚ್ಚಿಡು, ಹಳೇ ಆಯಿಲ್ ತಗೊಂಡು ಹೋಗೋರಿಗೆ ಬೇರೆಯಾಗಿ ಕೊಡೋಣ. ಈಗ ಅಡುಗೆಮನೆಗೆ ಹೋಗಿ ಈ ಹಳೇ ಸ್ಕ್ರೂಡ್ರೈವರ್ ಸ್ಟವ್ ಮೇಲೆ ಹಿಡ್ಕೊಂಡು ಬಾ. ಕೆಂಪಾಗೋದು ಬೇಡ, ನೀರು ಚಿಮುಕಿಸಿದರೆ ಚುಯ್ ಅನ್ನೋಷ್ಟು ಸಾಲದು, ಅದಕ್ಕಿಂತ ಸ್ವಲ್ಪ ಮುಂದೆ. ದೊಡ್ಡಮ್ಮ ಕೇಳಿದರೆ ಹಪ್ಪಳ ಸುಡ್ತಿದ್ದೀನಿ ಅನ್ನು.

— ಸ್ಕ್ರೂಡ್ರೈವರ್‌ನಲ್ಲಾ? ಯಾಕೆ, ನನ್ನ ಹತ್ರ ಈಜಿ-ಔಟ್ ಇದೆ ದೊಡ್ಡಪ್ಪ. ಮುರಿದ ಬೋಲ್ಟ್ ತೆಗೆಯೋಕಂತಲೇ ಇರೋದು, ಉಲ್ಟಾ ಥ್ರೆಡ್ ಇರುತ್ತಲ್ಲ, ಅದು.

— ಗೊತ್ತು. ಕಬ್ಬಿಣದ ಬೋಲ್ಟಿಗೆ ಅದು ಸರಿ. ಅದರ ಆಕಾರ ನೋಡು, ತುದಿ ಸಣ್ಣ, ಹೋಗ್ತಾ ಹೋಗ್ತಾ ದಪ್ಪ. ಒಳಗೆ ಹೋದಷ್ಟೂ ಮುರಿದ ತುಂಡನ್ನ ಹಿಗ್ಗಿಸುತ್ತೆ. ತುಂಡು ಹಿಗ್ಗಿದರೆ ಗೂಡು ಸೀಳುತ್ತೆ. ಸೌದೆಗೆ ಬೆಣೆ ಹೊಡೆದ ಹಾಗೆ. ಬಿಸಿ ಸ್ಕ್ರೂಡ್ರೈವರ್ ಹಿಗ್ಗಿಸಲ್ಲ, ಕರಗಿಸ್ಕೊಂಡು ತನಗೆ ಬೇಕಾದ ಸೀಳು ತಾನೇ ಮಾಡ್ಕೊಳ್ಳುತ್ತೆ. ಹೋಗು.

*

— ತಂದೆ. ದೊಡ್ಡಮ್ಮ ಹಪ್ಪಳ ಎಲ್ಲಿ ಅಂದ್ರು.

— ಆಮೇಲೆ ಬಯ್ಸಿಕೊಳ್ಳೋಣ. ಈ ಸಲ ಮಲಗಿಯೇ ಮಾಡಬೇಕು, ಗೋಣಿಚೀಲ ಹಾಸಿದ್ದೀನಿ. ನಟ್ಟ ನಡುವೆ ಇಡು, ಗೂಡಿನ ಗೋಡೆಗೆ ತಾಗಿಸಬೇಡ. ಒತ್ತು. ಕಡ್ಲೆಕಾಳಿನ ಅರ್ಧದಷ್ಟು ಇಳಿದರೆ ಸಾಕು. ಈಗ ಅಲುಗಾಡದೆ ಹಿಡ್ಕೊ.

— ತಿರುಗಿಸಲಾ?

— ತಾಳು! ಇಲ್ಲೇ ಎಲ್ಲರೂ ಕೆಡೋದು. ಬಿಸೀಲಿ ತಿರುಗಿಸಿದರೆ ಬೆಣ್ಣೇಲಿ ಚಾಕು ಆಡಿಸಿದ ಹಾಗೆ, ಸೀಳೆಲ್ಲ ಗುಂಡಿಯಾಗುತ್ತೆ. ಪ್ಲಾಸ್ಟಿಕ್ ಬ್ಲೇಡ್ ಸುತ್ತ ಹೆಪ್ಪುಗಟ್ಟಬೇಕು. ಇನ್ನೂರು ಎಣಿಸು. ಮನಸ್ಸಲ್ಲಿ.

— ...ಇನ್ನೂರು. ಈಗ ಎಡಕ್ಕೆ, ಮುಖ ನೋಡ್ತಾ. ಅಲ್ಲಾಡ್ತು! ಕಾಲು ಸುತ್ತು ಬಂತು. ಮತ್ತೆ ನಿಂತ್ಬಿಡ್ತು. ಏನೋ ಕಚ್ಕೊಂಡಿದೆ ದೊಡ್ಡಪ್ಪ.

— ಬಲ ಹಾಕಬೇಡ. ಹಿಂದೆ ಮುಂದೆ ಆಡಿಸು. ಸುಣ್ಣ ಇರಬೇಕು, ನಮ್ಮ ಚಿಂತಾಮಣಿ ಬೋರ್‌ವೆಲ್ ನೀರು ಗೊತ್ತಲ್ಲ. ಗೀಸರ್ ಕಾಯಿಲ್ ಮೇಲೆ ಕೂರೋ ಬಿಳೀ ಪೊರೆ ಇಲ್ಲೂ ಕೂರುತ್ತೆ. ಇಲ್ಲಿ ಹಿಮ ಬೀಳಲ್ಲ, ಕೂಲೆಂಟ್ ಯಾಕೆ ಅಂತ ವರ್ಷಗಟ್ಟಲೆ ಕೊಳಾಯಿ ನೀರೇ ತುಂಬ್ತೀವಿ. ಹಿಮಕ್ಕಲ್ಲ, ತುಕ್ಕಿಗೆ ಬೇಕು ಅದು.

— ಸುಣ್ಣ ಅಲ್ಲ ಅನ್ಸುತ್ತೆ. ಬೂದು ಬಣ್ಣ. ಥ್ರೆಡ್ ಸುತ್ತ ಮೆತ್ತಿದ್ದಾರೆ. ಪುಟ್ಟಿ ದೊಡ್ಡಪ್ಪ, ಎರಡು ಬಣ್ಣದ ಮುದ್ದೆ ಕಲಸಿ ಹಚ್ತಾರಲ್ಲ, ಆ ಪುಟ್ಟಿ. ಯಾವ ಪುಣ್ಯಾತ್ಮ ಇದನ್ನ ಡ್ರೈನ್ ಪ್ಲಗ್ಗಿಗೆ ಹಚ್ಚಿದ್ದು?

— ...

— ದೊಡ್ಡಪ್ಪ?

— ನಾನೇ ಕಣಮ್ಮ.

— ನೀವಾ!

— ತಿರುಪತಿಯಿಂದ ವಾಪಸ್ ಬರ್ತಿದ್ವಿ. ನಿಮ್ಮಪ್ಪ ಓಡಿಸ್ತಿದ್ದ, ನೀನು ಹಿಂದಿನ ಸೀಟಲ್ಲಿ ಬೋಳುತಲೆ ಮಾಡಿಸ್ಕೊಂಡು ಮಲಗಿದ್ದೆ. ಪಲಮನೇರು ದಾಟಿದ ಮೇಲೆ ಮೀಟರ್ ಮುಳ್ಳು ಏರೋಕೆ ಶುರುವಾಯ್ತು. ಬಾಟಲಿ ಬಾಟಲಿ ನೀರು ಹಾಕ್ಕೊಂಡು ಮುಳಬಾಗಿಲು ಮುಟ್ಟಿದ್ವಿ. ರಾತ್ರಿ ಒಂಬತ್ತೂವರೆ. ಹಾರ್ಡ್‌ವೇರ್ ಅಂಗಡಿಯವನು ಬಾಗಿಲು ಹಾಕ್ತಿದ್ದ, ಕೈಮುಗಿದು ಒಂದು ಪುಟ್ಟಿ ತಗೊಂಡೆ. ಒರೆಸಿ, ಒಣಗಿಸಿ, ಹಚ್ಚಿ ಒಂದೂವರೆ ಗಂಟೆ ರಸ್ತೆ ಪಕ್ಕ ಕೂತ್ವಿ. ಸೋರೋದು ನಿಂತ್ತು. ಊರು ಸೇರಿದ ಮೇಲೆ ಸರಿ ಮಾಡೋಣ ಅಂದ್ಕೊಂಡ್ವಿ.

— ಮಾಡಲಿಲ್ಲ.

— ಸೋರ್ತಾ ಇರಲಿಲ್ಲವಲ್ಲ. ಸೋರದೆ ಇರೋದನ್ನ ಯಾರು ಮುಟ್ತಾರೆ? ಆಮೇಲಿಂದ ಯಾರೂ ಆ ಪ್ಲಗ್ ತೆಗೆದಿಲ್ಲ. ಅದಕ್ಕೇ ಆ ಬಣ್ಣ. ಪ್ರತಿ ಸಲ ಮೇಲಿಂದ ತುಂಬ್ತಾ ಹೋದ್ವಿ, ಕೆಳಗಿನ ಕೊಳೆ ಕೆಳಗೇ ಉಳೀತು.

— ಇಷ್ಟು ಹೊತ್ತು ನನ್ನ ಪ್ಲೇಯರ್ ಬಗ್ಗೆ ಭಾಷಣ ಮಾಡಿದ್ರಿ.

— ಮಾಡಿದೆ. ಪ್ಲೇಯರೂ ತಪ್ಪೇ. ಆ ರಾತ್ರಿ ಪುಟ್ಟಿ ಹಚ್ಚಿದ್ದು ತಪ್ಪಲ್ಲ, ಬೆಳಿಗ್ಗೆ ತೆಗೀದೆ ಇದ್ದದ್ದು ತಪ್ಪು. ಸರಿ, ಬಯ್ಯೋದು ಮುಗಿದಿದ್ರೆ ಆ ಹ್ಯಾಕ್ಸಾ ಬ್ಲೇಡಿನ ತುಂಡು ಕೊಡು. ಒಂದು ತುದಿಗೆ ಬಟ್ಟೆ ಸುತ್ತು. ತುಂಡಿನ ಒಳಗಿನಿಂದ ಹೊರಕ್ಕೆ ಒಂದು ಗೀರು ಹಾಕ್ತೀನಿ, ಗೂಡಿನ ಥ್ರೆಡ್ ಮುಟ್ಟೋ ಮೊದಲೇ ನಿಲ್ಲಿಸ್ತೀನಿ. ಇನ್ನೊಂದು ಕಡೆ ಇನ್ನೊಂದು. ಈಗ ಸಣ್ಣ ಸ್ಕ್ರೂಡ್ರೈವರಲ್ಲಿ ಒಳಕ್ಕೆ ಮಡಚು, ಹಲ್ಲು ಕೀಳೋ ಡಾಕ್ಟರ್ ಥರ.

— ಒಂದು ಚೂರು ಬಂತು. ಇನ್ನೊಂದು. ಕೊನೇದು ಟ್ಯಾಂಕ್ ಒಳಗೆ ಬಿತ್ತು!

— ಬೀಳಲಿ. ಮೇಲಿಂದ ಪೈಪಲ್ಲಿ ನೀರು ಬಿಟ್ಟರೆ ಕೆಳಗಿನ ಹೋಸ್ ಬಾಯಿಂದ ಆಚೆ ಬರುತ್ತೆ. ಬರೋವರೆಗೂ ಬಿಡು. ಥ್ರೆಡ್ ಹೇಗಿದೆ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ನೋಡು.

— ಮೊದಲನೇ ಸುತ್ತು ಸ್ವಲ್ಪ ಸವೆದಿದೆ. ಮಿಕ್ಕಿದ್ದು ಚೆನ್ನಾಗಿದೆ.

— ಬದುಕಿತು. ಪ್ಲಗ್ಗಿನ ತುಂಡು ತಗೊಂಡು ಬಸ್‌ಸ್ಟ್ಯಾಂಡ್ ಹತ್ರದ ಸ್ಪೇರ್ ಅಂಗಡಿಗೆ ಹೋಗು. ಬಾಯಲ್ಲಿ ಹೇಳಬೇಡ, ತುಂಡು ತೋರಿಸು. 'ಸೇಮ್ ಟು ಸೇಮ್' ಅಂತಾನೆ, ನಂಬಬೇಡ, ಪಕ್ಕ ಇಟ್ಟು ಥ್ರೆಡ್ ಎಣಿಸು. ಓ-ರಿಂಗ್ ಎರಡು ತಾ.

*

— ಎರಡು ಥರ ಇತ್ತು ದೊಡ್ಡಪ್ಪ. ಅವನು ಕೊಟ್ಟಿದ್ದು ದಪ್ಪ ಥ್ರೆಡ್, ನಮ್ಮದು ಸಣ್ಣ. ಎಣಿಸಿದ್ದಕ್ಕೆ ಮುಖ ಗಂಟು ಹಾಕಿದ. ಸಿಗದೇ ಇದ್ದಿದ್ದರೆ?

— ಬೆಂಗಳೂರಿನ ಜೆಸಿ ರಸ್ತೆ, ಇಲ್ಲಾಂದ್ರೆ ಗುಜರಿಯಲ್ಲಿ ಹಳೇ ರೇಡಿಯೇಟರಿಂದ ಬಿಚ್ಚಿದ್ದು. ಅದೂ ಇಲ್ಲಾಂದ್ರೆ ಲೇತ್ ಅಂಗಡೀಲಿ ಹಿತ್ತಾಳೇದು ಕಡೆಸೋದು. ಚೆಂದ ಕಾಣುತ್ತೆ, ಆದ್ರೆ ನನಗೆ ಅದು ಕೊನೇ ದಾರಿ. ಪ್ಲಗ್ ಗಟ್ಟಿ, ಗೂಡು ಮೆತ್ತಗೆ ಆದ್ರೆ ಮುಂದಿನ ಸಲ ಯಾರು ಸೋಲ್ತಾರೆ ಗೊತ್ತಲ್ಲ. ಏನದು ಬಿಳೀ ಟೇಪು?

— ಟೆಫ್ಲಾನ್. ಪ್ಲಂಬರ್‌ಗಳು ಸುತ್ತುತಾರಲ್ಲ, ಇರಲಿ ಅಂತ ತಂದೆ.

— ಜೇಬಲ್ಲೇ ಇಟ್ಕೊ. ನಲ್ಲಿ ಪೈಪಲ್ಲಿ ನೀರು ನಿಲ್ಲಿಸೋದು ಥ್ರೆಡ್ಡು, ಅಲ್ಲಿ ಟೇಪ್ ಬೇಕು. ಇಲ್ಲಿ ಓ-ರಿಂಗು. ಟೇಪ್ ಸುತ್ತಿದರೆ ಪ್ಲಗ್ ದಪ್ಪ ಆಗಿ ಮತ್ತದೇ ಬೆಣೆ ಕತೆ. ರಿಂಗಿಗೆ ಒಂದು ಹನಿ ಕೂಲೆಂಟ್ ಸವರು, ತಿರುಚಿಕೊಳ್ಳದೆ ಕೂರುತ್ತೆ. ಗ್ರೀಸ್ ಬೇಡ, ಕೆಲವು ರಬ್ಬರ್ ಅದಕ್ಕೆ ಊದಿಕೊಳ್ಳುತ್ತೆ. ಈಗ ಪ್ಲಗ್ಗನ್ನ ಮೊದಲು ಹಿಂದಕ್ಕೆ ತಿರುಗಿಸು, 'ಟಕ್' ಅಂತ ಥ್ರೆಡ್ ಬೀಳೋದು ಬೆರಳಿಗೆ ಗೊತ್ತಾಗುತ್ತೆ. ಆಮೇಲೆ ಮುಂದಕ್ಕೆ.

— ಸಲೀಸಾಗಿ ಹೋಗ್ತಿದೆ. ಮುಟ್ತು. ಇನ್ನು?

— ಎರಡು ಬೆರಳಲ್ಲಿ ಎಷ್ಟು ಬರುತ್ತೋ ಅಷ್ಟು. ಜೀರಿಗೆ ಡಬ್ಬಿ ಮುಚ್ಚೋ ಅಷ್ಟು. ಬಿಡು. ಬಿಡೇ ಅಂದ್ರೆ!

— ಇಷ್ಟೇನಾ? ಸೋರುತ್ತೆ ಅನ್ಸಲ್ವಾ?

— ಅನ್ಸುತ್ತೆ. ಅದಕ್ಕೇ ಎಲ್ಲರೂ ಪ್ಲೇಯರ್ ತಗೊಳ್ಳೋದು. ಹೋಸ್ ಹಾಕು, ಕ್ಲಿಪ್ ಬಿಗಿ ಮಾಡು, ಅದಕ್ಕೆ ಸ್ಕ್ರೂಡ್ರೈವರ್ ಪರವಾಗಿಲ್ಲ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ. ಡಬ್ಬಿ ಮೇಲೆ ನೋಡು, ಮೊದಲೇ ನೀರು ಬೆರೆಸಿದ್ದಾದ್ರೆ ಹಾಗೇ ಹುಯ್ಯಿ. ನಿಧಾನ. ಮೇಲಿನ ಹೋಸನ್ನ ಹಸುವಿನ ಕೆಚ್ಚಲು ಹಿಂಡೋ ಹಾಗೆ ಹಿಂಡ್ತಾ ಇರು, ಗಾಳಿ ಗುಳ್ಳೆ ಬರುತ್ತೆ. ಬ್ಯಾಟರಿ ವೈರ್ ಹಾಕಿ ಸ್ಟಾರ್ಟ್ ಮಾಡು, ಮುಚ್ಚಳ ಈಗಲೇ ಹಾಕಬೇಡ, ಮುಖ ಮಾತ್ರ ದೂರ ಇರಲಿ.

— ಮಟ್ಟ ಇಳೀತು! ಮೇಲಿನ ಹೋಸ್ ಬಿಸಿ ಆಯ್ತು. ಥರ್ಮೋಸ್ಟಾಟ್ ತೆರೆದುಕೊಂಡಿರಬೇಕು, 82 ಡಿಗ್ರಿ ಸುಮಾರು.

— ತುಂಬಿಸು ಮತ್ತೆ, ಮುಚ್ಚಳ ಹಾಕು. ಫ್ಯಾನ್ ತಿರುಗೋವರೆಗೂ ಓಡಲಿ. ಕೆಳಗೆ ಇವತ್ತಿನ ಪೇಪರ್ ಹಾಸು.

— ಅಪ್ಪನಿಗೆ ಫೋನ್ ಮಾಡಿ ಹೇಳ್ತೀನಿ, ಮುಳಬಾಗಿಲಿನ ಪುಟ್ಟಿ ಸಿಕ್ತು ಅಂತ.

— ಹೇಳು. ಅಂಗಡಿಯವನಿಗೆ ಕೈ ಮುಗಿದವನು ನಾನು, ಕಲಸಿದವನು ಅವನು ಅಂತಾನೂ ಹೇಳು. ಈ ಕಾರು ನಿಲ್ಲಿಸಿ ಎಷ್ಟು ವರ್ಷ ಆಯ್ತು ಕಂಪನಿಯವರು?

— 2014ರ ಜನವರೀಲಿ. ಅಂಬಾಸಡರ್ ಅದೇ ವರ್ಷ ಮೇ ತಿಂಗಳಲ್ಲಿ.

— ಎರಡೂ ಒಂದೇ ವರ್ಷ ಹೋದವಾ? ನನಗೆ ಅಂಬಾಸಡರ್ ಎಷ್ಟೋ ಮೊದಲೇ ಹೋದ ಹಾಗೆ ಅನ್ನಿಸ್ತಿತ್ತು. ಫ್ಯಾನ್ ತಿರುಗ್ತು ನೋಡು. ಆಫ್ ಮಾಡು. ರಾತ್ರಿ ಇಲ್ಲೇ ಇರಲಿ ಗಾಡಿ. ಬಿಸಿ ಇದ್ದಾಗ ಸೋರದೆ ತಣ್ಣಗಾದ ಮೇಲೆ ಸೋರೋದೂ ಉಂಟು.

*

— ದೊಡ್ಡಪ್ಪ, ಏಳಿ. ಪೇಪರ್ ಮೇಲೆ ಒಂದು ಚುಕ್ಕೆ ಇದೆ.

— ಕಾಫಿ ಕುಡಿಯೋಕಾದ್ರೂ ಬಿಡು. ಎಲ್ಲಿ, ಪ್ಲಗ್ಗಿನ ನೇರಕ್ಕಾ?

— ಅಲ್ಲ, ಒಂದು ಗೇಣು ಹಿಂದಕ್ಕೆ. ಸಿನಿಮಾ ಜಾಹೀರಾತಿನ ಮೇಲೆ.

— ಹಸಿರೋ, ಕಪ್ಪೋ?

— ಕಪ್ಪು. ಜಿಡ್ಡು ಜಿಡ್ಡು.

— ಹಾಗಾದ್ರೆ ಅದು ಇಂಜಿನ್ ಆಯಿಲ್. ಅದಕ್ಕೂ ಒಂದು ಡ್ರೈನ್ ಪ್ಲಗ್ ಇದೆ. ಅದು ಕಬ್ಬಿಣದ್ದು, ಅದಕ್ಕೆ ಪಾನಾನೇ ಬೇಕು. ಮುಂದಿನ ಭಾನುವಾರ ಹಳೇ ಚೂಡಿದಾರ್ ಹಾಕ್ಕೊಂಡು ಬಾ.